ಪ್ರಶ್ನೋತ್ತರ: ಪಚ್ಚಿಲೆ, ಮರುವಾಯಿ, ಝಿಂಗಾ ಮನೆಯಲ್ಲಿ ಬೇಯಿಸೋದು

ಅಡ್ಮಿನ್: ನಮಸ್ಕಾರ್ರಿ ಎಲ್ಲರಿಗೂ. ಮಂಗಳೂರು ಕಡೆ ಮೀನು ಪ್ಯಾಕಿಂಗ್ ಘಟಕದಲ್ಲಿ ಗುಣಮಟ್ಟ ನೋಡಿಕೊಳ್ಳುತ್ತಿದ್ದ, ಈಗ ಕಲಬುರಗಿಯಲ್ಲೇ ಇರುವ ನಮ್ಮ ಮೇಡಂ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಪಚ್ಚಿಲೆ (ಮಸೆಲ್), ಮರುವಾಯಿ (ಕ್ಲಾಮ್) ಥರದ ಚಿಪ್ಪಿನ ಮೀನು, ಝಿಂಗಾ ಅಂದರೆ ಸಿಗಡಿ, ಏಡಿ ಬಗ್ಗೆ ಕೇಳಿ.

ಸೇಡಂ ಅಕ್ಕ: ಮೇಡಂ, ತಮ್ಮ ಹೈದರಾಬಾದಿನಿಂದ ಫ್ರೋಜನ್ ಪಚ್ಚಿಲೆ ತಂದಿದ್ದಾನೆ, ಅರ್ಧ ಚಿಪ್ಪಿನವು. ಎಷ್ಟು ಸೀಟಿ ಹೊಡೆಸಲಿ?

ಮೇಡಂ: ಕುಕ್ಕರ್ ಬೇಡ ಅಕ್ಕಾರೆ, ರಬ್ಬರ್ ಆಗುತ್ತೆ. ಅರ್ಧ ಚಿಪ್ಪಿನವನ್ನು ಸಾಮಾನ್ಯವಾಗಿ ಒಮ್ಮೆ ಬೇಯಿಸಿಯೇ ಫ್ರೀಜ್ ಮಾಡಿರುತ್ತಾರೆ, ಪ್ಯಾಕೆಟ್ ಮೇಲೆ ಓದಿ ನೋಡಿ. ರಾತ್ರಿ ಫ್ರಿಜ್ಜಿನ ಕೆಳಗಿನ ಭಾಗದಲ್ಲಿಟ್ಟು ಕರಗಿಸಿ. ಅಡುಗೆ ಕಟ್ಟೆ ಮೇಲೆ ಬೇಡ, ನಮ್ಮೂರ ಸೆಕೆ ಗೊತ್ತಲ್ಲ. ಮಸಾಲೆ ಚೆನ್ನಾಗಿ ಕುದಿಯುವಾಗ ಹಾಕಿ, ಒಳಗಿನ ತನಕ ಬಿಸಿಯಾಗಲಿ, ಇಳಿಸಿ.

ಜೇವರ್ಗಿ ಅಣ್ಣ: ನಮ್ಮ ಭಾವ ಮಂಗಳೂರಿನಿಂದ ಬಸ್ಸಿನಲ್ಲಿ ಎರಡು ಕಿಲೋ ಪಚ್ಚಿಲೆ ತಂದಿದ್ದಾರೆ. ಪ್ಲಾಸ್ಟಿಕ್ ಚೀಲದಲ್ಲಿ ಐಸ್ ಹಾಕಿ ಕಟ್ಟಿದ್ದರು, ಈಗ ಎಲ್ಲ ನೀರಾಗಿದೆ. ಅರಿಶಿನ, ಖಾರ ಜಾಸ್ತಿ ಹಾಕಿ ಕುದಿಸಿದರೆ ನಡೆಯುತ್ತಾ?

ಮೇಡಂ: ಬಾಯಿ ತೆರೆದಿರೋವು ಎಷ್ಟಿವೆ? ತಟ್ಟಿದರೆ ಮುಚ್ಚುತ್ತವಾ? ಮನೆಯಲ್ಲಿ ತಿನ್ನೋರು ಯಾರ್ಯಾರು?

ಜೇವರ್ಗಿ ಅಣ್ಣ: ಅರ್ಧಕ್ಕಿಂತ ಜಾಸ್ತಿ ತೆರೆದಿವೆ ರೀ. ಚಮಚದಿಂದ ಬಡಿದೆ, ಒಂದೆರಡು ನಿಧಾನಕ್ಕೆ ಮುಚ್ಚಿದವು, ಉಳಿದವು ಹಾಗೇ ಇವೆ. ಚೀಲದ ನೀರು ಬೆಳ್ಳಗಾಗಿ ನೊರೆ ಬಂದಿದೆ. ಎಲ್ಲರೂ ತಿಂತೀವಿ. ಅಪ್ಪಾಜಿಗೆ ಲಿವರ್ ತೊಂದರೆ ಇದೆ, ಆದರೆ ಆಸೆ ಅವರಿಗೇ ಜಾಸ್ತಿ.

ಮೇಡಂ: ಅಣ್ಣಾ, ಎಲ್ಲ ಎಸೆದುಬಿಡಿ. ಮುಚ್ಚಿದ ಒಂದೆರಡನ್ನೂ ಆರಿಸಿ ಇಟ್ಟುಕೊಳ್ಳಬೇಡಿ. ಪಚ್ಚಿಲೆ ಉಪ್ಪು ನೀರಿನ ಜೀವ, ಐಸ್ ಕರಗಿದ ಸಿಹಿ ನೀರಲ್ಲಿ ಗಾಳಿಯಿಲ್ಲದ ಚೀಲದಲ್ಲಿ ಕೂತರೆ ಸಾಯುತ್ತೆ, ಸತ್ತ ಮೇಲೆ ಬೇಗ ಕೊಳೆಯುತ್ತೆ, ನೀವು ನೋಡಿದ ನೊರೆ ಅದೇ. ತರುವಾಗ ಒದ್ದೆ ಬಟ್ಟೆ ಸುತ್ತಿ, ಗಾಳಿಯಾಡುವ ಬುಟ್ಟಿಯಲ್ಲಿ, ಐಸ್ ನೀರು ಕೆಳಗೆ ಬಸಿದು ಹೋಗೋ ಹಾಗೆ ತರಬೇಕು. ಅಪ್ಪಾಜಿ ವಿಷಯ ಅದಕ್ಕಿಂತ ದೊಡ್ಡದು. ವಿಬ್ರಿಯೊ ವಲ್ನಿಫಿಕಸ್ ಅಂತ ಸಮುದ್ರದ ಬ್ಯಾಕ್ಟೀರಿಯಾ ಇದೆ. ಲಿವರ್ ಕೆಟ್ಟವರಿಗೆ ಅರೆಬೆಂದ ಚಿಪ್ಪಿನ ಮೀನಿನಿಂದ ಅದು ರಕ್ತಕ್ಕೇ ಇಳಿಯಬಹುದು. ಅದು ತಗುಲಿದ ಐವರಲ್ಲಿ ಸುಮಾರು ಒಬ್ಬರು ಉಳಿಯೋದಿಲ್ಲ. ಅವರಿಗೆ ಹಸಿಯದ್ದು, ಅರೆಬೆಂದದ್ದು ಎಂದೂ ಬೇಡ. ಚೆನ್ನಾಗಿ ಬೆಂದದ್ದನ್ನೂ ಡಾಕ್ಟರನ್ನು ಕೇಳಿ ಆಮೇಲೆ ತಿನ್ನಲಿ.
ಅರಿಶಿನ, ಖಾರ ವಿಷ ತೆಗೆಯೋದಿಲ್ಲ. ಕೆಲವು ಪಾಚಿಯ ವಿಷ ಪಚ್ಚಿಲೆಯೊಳಗೆ ಸೇರಿದ್ದರೆ ಕುದಿಸಿದರೂ ಹೋಗೋದಿಲ್ಲ. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಇದರಿಂದ ಏಳು ಮಂದಿ ಸತ್ತರು. ಭಾವನಿಗೆ ಬೇಜಾರಾದರೆ ನನ್ನ ಹೆಸರು ಹೇಳಿ.

ಜೇವರ್ಗಿ ಅಣ್ಣ: ಆಯ್ತು ಮೇಡಂ. ಮುಂದೆ ಒಳ್ಳೇವು ಸಿಕ್ಕರೆ ಹೇಗೆ ಬೇಯಿಸೋದು?

ಮೇಡಂ: ಒಡೆದವು, ತಟ್ಟಿದರೂ ಮುಚ್ಚದವು ಮೊದಲೇ ಆಚೆ. ಚಿಪ್ಪು ಉಜ್ಜಿ, ಒಲೆಗೆ ಇಡೋ ಮುಂಚೆ ಚಿಪ್ಪಿನಿಂದ ಹೊರಗೆ ಇಣುಕೋ ನಾರು ಕಿತ್ತು ತೆಗೆಯಿರಿ. ಅಗಲ ಪಾತ್ರೆ, ತಳಕ್ಕೆ ಒಂದು ಲೋಟ ನೀರು, ಜೋರು ಉರಿ, ಮುಚ್ಚಳ. ಬಾಯಿ ಬಿಟ್ಟ ಕೂಡಲೇ ಬೆಂತು ಅಂದುಕೊಳ್ಳಬೇಡಿ, ಆಮೇಲೂ ಹಬೆಯಲ್ಲಿ ನಾಲ್ಕರಿಂದ ಒಂಬತ್ತು ನಿಮಿಷ ಬೇಯಲಿ. 1988ರಲ್ಲಿ ಶಾಂಘೈನಲ್ಲಿ ಸರಿಯಾಗಿ ಬೇಯದ ಮರುವಾಯಿಯಂಥ ಚಿಪ್ಪು ತಿಂದು ಸುಮಾರು 3 ಲಕ್ಷ ಮಂದಿಗೆ ಕಾಮಾಲೆ ಆಯ್ತು. ಕೊನೆಗೂ ತೆರೆಯದವು ಕಸಕ್ಕೆ.

ಬೀದರ್ ತಮ್ಮ: ಜೀವಂತ ಏಡಿ ಹೇಗೆ ಕುಯ್ಯೋದು ಮೇಡಂ? ಕೊಂಡಿ ನೋಡಿದರೆ ಭಯ ಆಗುತ್ತೆ.

ಆಳಂದ ಕಾಕಾ: ಎಲ್ಲರೂ ಓದಿ. ಝಿಂಗಾ ತಿಂದು ನಿಂಬೆಹಣ್ಣು ತಿಂದರೆ ಹೊಟ್ಟೆಯಲ್ಲಿ ಆರ್ಸೆನಿಕ್ ಆಗಿ ಸಾವು ಖಚಿತ. ಬೇಯಿಸುವಾಗ ಬೆಳ್ಳುಳ್ಳಿ ಹಾಕಿ, ಕಪ್ಪಾದರೆ ವಿಷ ಇದೆ ಅಂತ ಅರ್ಥ. ಫಾರ್ವರ್ಡ್ ಮಾಡಿ.

ಮೇಡಂ: ಎರಡೂ ಸುಳ್ಳು. ಕರಾವಳಿಯಲ್ಲಿ ದಿನಾ ಸಿಗಡಿಗೆ ನಿಂಬೆ ಹಿಂಡಿ ತಿನ್ನುತ್ತಾರೆ. ಬೆಳ್ಳುಳ್ಳಿ ಕಪ್ಪಾಗಲಿಲ್ಲ ಅಂತ ಕೊಳೆತದ್ದು ತಿಂದರೆ ಆಸ್ಪತ್ರೆಗೆ ನೀವು ಕರೆದುಕೊಂಡು ಹೋಗ್ತೀರಾ ಕಾಕಾ?

ಶಹಾಪುರ ಅಕ್ಕ: ಮೀನು ತಿಂದು ಹಾಲು ಕುಡಿದರೆ ತೊನ್ನು ಬರೋದಾದರೂ ನಿಜ ಅಲ್ವಾ?

ಮೇಡಂ: ಅಲ್ಲ.

ಆಳಂದ ಕಾಕಾ: ಹಿರಿಯರು ಹೇಳಿದ್ದೆಲ್ಲ ಸುಳ್ಳಾ? ಶ್ರಾವಣದಲ್ಲಿ ಇಂಥ ಮಾತು ಗುಂಪಿನಲ್ಲಿ ಬೇಕಿತ್ತಾ ಅಡ್ಮಿನ್?

ಯಾದಗಿರಿ ಮಾಸ್ತರ: ಕಾಕಾ, ಬೇಡವಾದರೆ ಓದಬೇಡಿ. ಸುಮ್ನೆ ಭಯ ಹುಟ್ಟಿಸಬೇಡಿ. ನಾವು ಚಿಕ್ಕವರಿದ್ದಾಗ ಭೀಮಾ ನದಿಯ ಚಿಪ್ಪನ್ನೇ ಸುಟ್ಟು ತಿಂದಿದ್ದೇವೆ, ಏನೂ ಆಗಿಲ್ಲ.

ಸೇಡಂ ಅಕ್ಕ: ಆಗಿನ ನೀರು ಬೇರೆ ಮಾಸ್ತರೆ, ಈಗಿನ ನೀರು ಬೇರೆ.

ಯಾದಗಿರಿ ಮಾಸ್ತರ: ನದಿ ನಮ್ಮೂರ ಪಕ್ಕದ್ದು, ನಿಮಗಿಂತ ನನಗೆ ಗೊತ್ತು.

ಆಳಂದ ಕಾಕಾ: ಗೊತ್ತಿದ್ದವರು ಹೀಗೆ ಮಾತಾಡೋದಿಲ್ಲ.

ಮೇಡಂ: ಮಾಸ್ತರೆ, ಚಿಪ್ಪಿನ ಜೀವ ದಿನವಿಡೀ ನೀರು ಸೋಸಿಯೇ ಹೊಟ್ಟೆ ತುಂಬಿಸಿಕೊಳ್ಳುತ್ತೆ. ಆ ನೀರಲ್ಲಿ ಚರಂಡಿ ಇದ್ದರೆ ಅದೂ ಒಳಗೇ. ಊರ ಕೆಳಗಿನ ನದಿ ಚಿಪ್ಪು ಬೇಡ. ನೆನಪಿನ ಮೇಲೆ ಮಕ್ಕಳಿಗೆ ತಿನ್ನಿಸಬೇಡಿ.

ಹುಮನಾಬಾದ್ ಅಣ್ಣ: ಮರುವಾಯಿಯಲ್ಲಿ ಮರಳು ಬಂದರೆ?

ಮೇಡಂ: ಒಂದು ಲೀಟರ್ ನೀರಿಗೆ 35 ಗ್ರಾಂ ಉಪ್ಪು, ಅದರಲ್ಲಿ ಒಂದೆರಡು ಗಂಟೆ ತಣ್ಣಗಿರುವ ಕಡೆ ಇಡಿ. ಮರಳು ತಾನೇ ಉಗುಳುತ್ತೆ. ಆ ನೀರಿನಿಂದ ಕೈಯಲ್ಲಿ ಎತ್ತಿ ತೆಗೆಯಿರಿ, ಬಗ್ಗಿಸಬೇಡಿ, ಮರಳು ಮತ್ತೆ ಮೇಲೆ ಬೀಳುತ್ತೆ.

ಸುರಪುರ ತಂಗಿ: ಝಿಂಗಾ ಜೊತೆ ಶೇಂಗಾ ಪುಡಿ ಹಾಕಬಹುದಾ?

ಯಾದಗಿರಿ ಮಾಸ್ತರ: ಹಾಕಬಾರದು, ತೆಂಗಿನಕಾಯಿಯೇ ಸರಿ.

ಸೇಡಂ ಅಕ್ಕ: ಅದನ್ನೂ ನೀವೇ ಹೇಳ್ತೀರಾ?

ಶಹಾಪುರ ಅಕ್ಕ: ಮೇಡಂ, ಪಚ್ಚಿಲೆಗೆ ಎಷ್ಟು ಸೀಟಿ?

ಮೇಡಂ: ಮೇಲೆ ಬರೆದಿದ್ದೇನೆ. ಓದಿ.

ಬೀದರ್ ತಮ್ಮ: ಮೇಡಂ, ಏಡಿ?