ತರಗತಿಗೆ ಅಗ್ಗದ ಲೇಸರ್ ಪಾಯಿಂಟರ್: ಕೆಂಪೋ, ಹಸಿರೋ, ಎರಡೂ ಬೇಡವೋ?

ಪ್ರಶ್ನೆ (ವಿಜ್ಞಾನ ಶಿಕ್ಷಕಿ, ಗೌರಿಬಿದನೂರು ತಾಲ್ಲೂಕು)

ಬೆಳಕಿನ ಪ್ರತಿಫಲನ, ವಕ್ರೀಭವನಗಳ ಪಾಠಕ್ಕೆ ಇಷ್ಟು ವರ್ಷ ಟಾರ್ಚಿನ ಮುಖಕ್ಕೆ ಸೀಳಿದ ರಟ್ಟು ಕಟ್ಟಿ ಕೆಲಸ ಸಾಗಿಸಿದ್ದೇನೆ. ಕೊನೆಯ ಬೆಂಚಿನವರಿಗೆ ಅದು ಕಾಣುವುದೇ ಇಲ್ಲ. ಕಳೆದ ವಾರ ಜಾತ್ರೆಯ ಅಂಗಡಿಯೊಂದರಲ್ಲಿ 100 ರೂಪಾಯಿಗೆ ಕೆಂಪು ಲೇಸರ್ ಪಾಯಿಂಟರನ್ನೂ 250 ರೂಪಾಯಿಗೆ ಹಸಿರಿನದನ್ನೂ ನೋಡಿದೆ. ಎರಡರ ಮೇಲೂ ‘5 ಮಿಲಿವ್ಯಾಟ್‌ಗಿಂತ ಕಡಿಮೆ’ ಎಂಬ ಒಂದೇ ಚೀಟಿ ಅಂಟಿಸಿದ್ದರು. ಹೆಚ್ಚು ಹೊಳೆಯುವ ಹಸಿರಿನ ಕಡೆಗೇ ನನ್ನ ಮನಸ್ಸು ವಾಲಿದೆ. 40 ಮಕ್ಕಳಿರುವ ಕೋಣೆಗೆ ಯಾವುದು ಸರಿ?

ಉತ್ತರ 1 (ನಿವೃತ್ತ ಉಪನ್ಯಾಸಕ, ತುಮಕೂರು)

ಮೇಡಂ, ಕೆಂಪನ್ನೇ ಕೊಳ್ಳಿ. ನಮ್ಮ ಕಣ್ಣು ಹಗಲಿನಲ್ಲಿ 555 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುವುದರಿಂದ, 532ರ ಹಸಿರು ಅಷ್ಟೇ ಮಿಲಿವ್ಯಾಟಿನ 650ರ ಕೆಂಪಿಗಿಂತ ಸುಮಾರು ಎಂಟು ಪಟ್ಟು ಪ್ರಖರವಾಗಿ ಕಾಣುತ್ತದೆ. ಅದು ಅದರ ಗುಣ.

ತೊಂದರೆಯಿರುವುದು ಆ ಹಸಿರು ಹುಟ್ಟುವ ಬಗೆಯಲ್ಲಿ. ಕೆಂಪು ಪಾಯಿಂಟರಿನಲ್ಲಿ ಡಯೋಡೇ ನೇರವಾಗಿ ಕೆಂಪು ಬೆಳಕು ಕೊಡುತ್ತದೆ. ಅಗ್ಗದ ಹಸಿರಿನವುಗಳಲ್ಲಿ ಸಾಮಾನ್ಯವಾಗಿ 808 ನ್ಯಾನೋಮೀಟರಿನ ಅವಗೆಂಪು (ಕಣ್ಣಿಗೆ ಕಾಣದ ಬೆಳಕು) ಡಯೋಡು ಒಂದು ಹರಳನ್ನು ಚೋದಿಸುತ್ತದೆ, ಅದರಿಂದ ಹೊರಟ 1064ರ ಅವಗೆಂಪು ಇನ್ನೊಂದು ಹರಳನ್ನು ಹಾದು ಅರ್ಧ ತರಂಗಾಂತರದ ಹಸಿರಾಗುತ್ತದೆ. ಹಸಿರಾಗದೆ ಉಳಿದದ್ದನ್ನು ತಡೆಯಲು ತುದಿಯಲ್ಲೊಂದು ಶೋಧಕ ಇರಬೇಕು. ಬೆಲೆ ಇಳಿಸಲು ಅದನ್ನು ಕೈಬಿಡುವುದುಂಟು. 2010ರಲ್ಲಿ ಅಮೆರಿಕದ ಅಳತೆ–ಮಾನಕಗಳ ಸರ್ಕಾರಿ ಸಂಸ್ಥೆಯಾದ ಎನ್‌ಐಎಸ್‌ಟಿಯವರು 15 ಡಾಲರಿನ ಹಸಿರು ಪಾಯಿಂಟರೊಂದನ್ನು ಅಳೆದಾಗ, ಅದರಿಂದ ಹಸಿರಿಗಿಂತ ಬಹಳ ಹೆಚ್ಚು ಅವಗೆಂಪು ಹೊರಬೀಳುತ್ತಿತ್ತು. 1 ಮಿಲಿವ್ಯಾಟಿನೊಳಗಿನ ಎರಡನೆಯ ವರ್ಗದ ಲೇಸರುಗಳನ್ನು ನಿರಪಾಯಕಾರಿ ಎನ್ನುವುದೇ, ಕಣ್ಣು ಕುಕ್ಕಿದಾಗ ಕಾಲು ಸೆಕೆಂಡಿನೊಳಗೆ ರೆಪ್ಪೆ ಮುಚ್ಚುತ್ತದೆಂಬ ಭರವಸೆಯಿಂದ. ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದಿಲ್ಲ. ಚೀಟಿಯನ್ನು ನಾನಂತೂ ನಂಬುವುದಿಲ್ಲ.

ಉತ್ತರ 2 (ಪ್ರೌಢಶಾಲಾ ಶಿಕ್ಷಕ, ಕೋಲಾರ)

ಕೆಂಪು ಪಾಯಿಂಟರಿನ ನಿಜವಾದ ಉಪಯೋಗ ತೋರುಕೋಲಾಗಿ ಅಲ್ಲ. ಡಿಜಿಟಲ್ ಪರದೆಯ ಮೇಲೆ ಅದರ ಚುಕ್ಕೆ ಸರಿಯಾಗಿ ಕಾಣುವುದೂ ಇಲ್ಲ. ಅಲ್ಲಿ ಬಿದಿರಿನ ಕಡ್ಡಿಯೇ ವಾಸಿ. ಪ್ರಯೋಗಕ್ಕೆ ಮಾತ್ರ ಅದಕ್ಕೆ ಸಾಟಿಯಿಲ್ಲ. ಗಾಜಿನ ತೊಟ್ಟಿಯ ನೀರಿಗೆ ಎರಡು ಹನಿ ಹಾಲು ಬಿಟ್ಟು, ಮೇಲಿನ ಗಾಳಿಯಲ್ಲಿ ಊದುಬತ್ತಿಯ ಹೊಗೆ ತುಂಬಿದರೆ, ಓರೆಯಾಗಿ ಬಂದ ಕಿರಣ ನೀರಿನ ಮೈಯಲ್ಲಿ ಮುರಿದು ಬಾಗುವುದು ಕೊನೆಯ ಬೆಂಚಿಗೂ ಕಾಣುತ್ತದೆ.

ನನ್ನ ಮಕ್ಕಳು ಹೆಚ್ಚು ಕುಣಿದಾಡಿದ್ದು ಕೂದಲಿನ ಪ್ರಯೋಗಕ್ಕೆ. ಹುಡುಗಿಯೊಬ್ಬಳ ತಲೆಗೂದಲೊಂದನ್ನು ಪಾಯಿಂಟರಿನ ಬಾಯಿಗೆ ಅಡ್ಡಲಾಗಿ ಅಂಟಿಸಿ 2 ಮೀಟರ್ ದೂರದ ಗೋಡೆಗೆ ಬೆಳಕು ಬಿಟ್ಟಾಗ, ಚುಕ್ಕೆಯ ಎರಡೂ ಪಕ್ಕದಲ್ಲಿ ಬೆಳಕು–ಕತ್ತಲೆಯ ಸಾಲು ಮೂಡಿತು. ಒಂದೇ ಪಕ್ಕದಲ್ಲಿ ಒಂದರ ನಂತರ ಒಂದು ಬರುವ ಎರಡು ಕತ್ತಲೆಗಳ ನಡುವಿನ ಅಂತರ 1.6 ಸೆಂಟಿಮೀಟರ್. ಕೆಂಪಿನ ತರಂಗಾಂತರವನ್ನು (650 ನ್ಯಾನೋಮೀಟರ್) ಗೋಡೆಯ ದೂರದಿಂದ ಗುಣಿಸಿ ಆ ಅಂತರದಿಂದ ಭಾಗಿಸಿದರೆ ಕೂದಲಿನ ದಪ್ಪ ಸುಮಾರು 0.08 ಮಿಲಿಮೀಟರ್. ಮರುದಿನ ಅರ್ಧ ತರಗತಿ ಅಜ್ಜಿಯರ ಕೂದಲನ್ನು ಕಾಗದದಲ್ಲಿ ಸುತ್ತಿಕೊಂಡು ಬಂದಿತ್ತು.

ಅವಗುಣವೆಂದರೆ, ಗುಂಡಿ ಒತ್ತಿಯೇ ಹಿಡಿಯಬೇಕು. ಬಟ್ಟೆಯ ಕ್ಲಿಪ್ಪು ಸಿಕ್ಕಿಸಿದರೆ ನಿಲ್ಲುತ್ತದೆ. ಒಳಗಿನ ಪುಟ್ಟ ಬಟನ್ ಸೆಲ್ಲುಗಳನ್ನು ಮಾತ್ರ ಚಿಕ್ಕ ಮಕ್ಕಳ ಕೈಗೆ ಸಿಗದಂತೆ ಇಡಿ. ಅವನ್ನು ನುಂಗಿದರೆ ಅನ್ನನಾಳ ಸುಟ್ಟುಹೋಗಬಹುದು.

ಉತ್ತರ 3 (ಹವ್ಯಾಸಿ ನಕ್ಷತ್ರವೀಕ್ಷಕ, ಚಿಕ್ಕಬಳ್ಳಾಪುರ)

ಆಕಾಶದಲ್ಲಿ ನಕ್ಷತ್ರ ತೋರಿಸಲು ಹಸಿರಿಗೇ ಮೇಲುಗೈ, ಏಕೆಂದರೆ ಅದರ ಕಿರಣ ದಾರದಂತೆ ಕಾಣುತ್ತದೆ. ಆದರೂ ನಾನು ನನ್ನದನ್ನು ಹೊರಗೆ ತೆಗೆಯುವುದನ್ನು ಬಿಟ್ಟಿದ್ದೇನೆ. ನಂದಿ ಬೆಟ್ಟದ ಸುತ್ತಿನ ಆಕಾಶವೆಂದರೆ ದೇವನಹಳ್ಳಿಗೆ ಇಳಿಯುವ ವಿಮಾನಗಳ ಆಕಾಶ. ಕೈಯಲ್ಲಿ ಚುಕ್ಕೆಯಾಗಿರುವ ಬೆಳಕು ಅಷ್ಟು ದೂರ ಹೋಗುವಷ್ಟರಲ್ಲಿ ಅಗಲವಾಗಿ ಹರಡಿ, ಚಾಲಕನ ಮುಂದಿನ ಗಾಜನ್ನೆಲ್ಲ ಬೆಳಗಿಸುತ್ತದೆ. ಚಳಿಗಾಲದ ಬೆಳಗಿನ ಜಾವದ ಚಳಿಗೆ ನನ್ನ ಪಾಯಿಂಟರು ಮಂಕಾಗುತ್ತಿದ್ದುದು ಬೇರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಕೆಂಪಿನದನ್ನೇ ತಂದೆ. ಇಟ್ಟಿಗೆಗೆ ಕಟ್ಟಿ, ಕೂತ ಮಕ್ಕಳ ಕಣ್ಣಿನ ಮಟ್ಟಕ್ಕಿಂತ ಕೆಳಗೆ, ಗೋಡೆಯ ಕಡೆಗೇ ಇಡುತ್ತೇನೆ. ಕಿರಣ ಹಾಯುವ ದಾರಿಯಲ್ಲಿ ಸ್ಟೀಲ್ ತಟ್ಟೆ, ಕೈಗಡಿಯಾರ ಇರಕೂಡದೆಂದು ಈಗಾಗಲೇ ಹೇಳಿದ್ದೇನೆ. ಎರಡು ಹನಿ ಹಾಲಿಗೆ ಕೊರತೆಯಿಲ್ಲ, ಶಾಲೆಯಲ್ಲಿ ಕ್ಷೀರಭಾಗ್ಯದ ದಿನವೇ ಪಾಠ ಇಟ್ಟುಕೊಂಡಿದ್ದೇನೆ.