ಆಪ್‌ನಲ್ಲಿ ಒಂದು ಇಂಚು ಮಳೆ, ನಮ್ಮ ಮಳೆ ಗೇಜಲ್ಲಿ 22 ಸೆಂಟು (ನೂರು ಸೆಂಟು ಅಂದ್ರೆ ಒಂದು ಇಂಚು). ಯಾವ್ದನ್ನ ನಂಬ್ಬೇಕು?

ಹಾನುಬಾಳ್ ರೋಬಸ್ಟ:
ಎಲ್ರಿಗೂ ನಮಸ್ಕಾರ. ನಮ್ದು ಸಕಲೇಶಪುರ ತಾಲೂಕು, ಹಾನುಬಾಳು ಹತ್ರ ಆರು ಎಕರೆ ರೋಬಸ್ಟ ಕಾಫಿ. ನಾನು ಹಾಸನದಲ್ಲಿ ಕೆಲ್ಸದಲ್ಲಿದೀನಿ, ತೋಟ ನೋಡ್ಕೊಳೋದೆಲ್ಲ ಅಪ್ಪಾನೇ. ಉಪಗ್ರಹದ ಮಳೆ, ಬಿಸಿಲು, ಮಣ್ಣಿನ ತೇವ ಎಲ್ಲ ತೋರ್ಸೋ ಒಂದು ಆಪ್ ಫೋನಲ್ಲಿ ಹಾಕ್ಕೊಂಡಿದೀನಿ, ಭೂಮಿ ಗೋಲಿ ತರ ತಿರುಗುತ್ತೆ, ಬೆರಳಲ್ಲಿ ಎಳೆದು ದೊಡ್ಡದು ಮಾಡಿದ್ರೆ ನಮ್ಮೂರ ತನಕ ಬರುತ್ತೆ, ನಂಗೆ ತುಂಬಾ ಇಷ್ಟ ಆಗಿತ್ತು. ಮಾರ್ಚ್ ಎರಡನೇ ವಾರ ಒಂದಿನ ಸಂಜೆ ನಮ್ಮ ಕಡೆ ಗುಡುಗು ಮಳೆ ಅಂತ ಗೊತ್ತಾಯ್ತು. ರಾತ್ರಿ ಆಪ್ ನೋಡಿದ್ರೆ ಸಕಲೇಶಪುರದ ಮೇಲೆಲ್ಲ ದಟ್ಟ ಹಸಿರು, ಒತ್ತಿದ್ರೆ 25 ಮಿ.ಮೀ. ಅಂತ ಬಂತು. ಅಂದ್ರೆ ಒಂದು ಇಂಚು. ಅಪ್ಪಂಗೆ ಫೋನ್ ಮಾಡಿ ಹೂ ಮಳೆ (ಕಾಫಿ ಮೊಗ್ಗು ಅರಳಿಸೋ ಮಳೆ) ಚೆನ್ನಾಗಿ ಆಗಿದೆ, ನಾಳೆ ಸ್ಪ್ರಿಂಕ್ಲರ್ ಪೈಪ್ ಎಳೆಯೋರನ್ನ ಕರೀಬೇಡಿ, ಸುಮ್ನೆ ಡೀಸೆಲ್ ಖರ್ಚು ಅಂದ್ಬಿಟ್ಟೆ. ಅಪ್ಪ ಬೆಳಗ್ಗೆ ಗೇಜ್ ನೋಡಿದ್ರೆ 22 ಸೆಂಟು ಅಷ್ಟೇ. ಆದ್ರೂ ನನ್ನ ಮಾತು ಕೇಳಿ ಎರಡು ದಿನ ಕಾದ್ರು, ಆಮೇಲೆ ಸ್ಪ್ರಿಂಕ್ಲರ್ ಹಾಕಿದ್ರು. ಕೆಳಗಿನ ಬ್ಲಾಕಲ್ಲಿ ಮೊಗ್ಗು ಅರ್ಧಂಬರ್ಧ ಬಿಚ್ಚಿ ಹಾಗೇ ನಿಂತಿದೆ. ತುಂಬಾ ಬೇಜಾರಾಗಿದೆ. ಆಪ್ ತಪ್ಪಾ, ನಾನು ನೋಡೋದೇ ತಪ್ಪಾ? ತಿಳಿದೋರು ಹೇಳಿ.

ಬಣಕಲ್ ಬೆಟ್ಟ:
ಮಾರಾಯ್ರೆ, 22 ಸೆಂಟಿಗೆ ಎರಡು ದಿನ ಕಾಯ್ಬಾರ್ದಿತ್ತು. ರೋಬಸ್ಟಕ್ಕೆ ಅರೆಬರೆ ಮಳೆ ಬಿದ್ರೆ ಮಳೇನೇ ಇಲ್ದಿದ್ದಕ್ಕಿಂತ ಕಷ್ಟ, ಮೊಗ್ಗು ಎದ್ದಿರುತ್ತೆ ನೀರು ಸಾಲಲ್ಲ, ತಕ್ಷಣ ಮೇಲಿಂದ ನೀರು ಕೊಟ್ಟು ಲೆಕ್ಕ ತುಂಬಿಸ್ಬೇಕು. ಆಗಿದ್ದು ಆಯ್ತು, ಈಗ ಇಪ್ಪತ್ತು ದಿನ ಆದ್ಮೇಲೆ ಬ್ಯಾಕಿಂಗ್ ನೀರು, ಅಂದ್ರೆ ಹೂವಾದ್ಮೇಲೆ ಕಾಯಿ ಕಟ್ಟೋಕೆ ಕೊಡೋ ಎರಡ್ನೇ ನೀರು ಮಾತ್ರ ತಪ್ಪಿಸ್ಬೇಡಿ. ಬೇಸಿಗೆ ಮಳೆ ಹೇಗೆ ಅಂತ ನಿಮ್ಮಪ್ಪಂಗೆ ಗೊತ್ತಿರುತ್ತೆ. ನಮ್ಮಲ್ಲಿ ಕೊಟ್ಟಿಗೆಹಾರದ ಕಡೆ ಸುರೀತಿರುತ್ತೆ, ಬಣಕಲಲ್ಲಿ ಧೂಳು ಏಳ್ತಿರುತ್ತೆ. ಒಂದೇ ತೋಟದಲ್ಲಿ ಮೇಲಿನ ಗೇಟಲ್ಲಿ 60 ಸೆಂಟು, ಕೆಳಗೆ ಕಣದ ಹತ್ರ 15 ಬಂದಿದ್ದು ನಾನೇ ಬರ್ಕೊಂಡಿದೀನಿ.

ಮಳೆ ಲೆಕ್ಕ:
ನಾನು ಕೆಲ ವರ್ಷ ಇಂಥ ಡೇಟಾ ಇಟ್ಕೊಂಡೇ ಕೆಲ್ಸ ಮಾಡಿದೀನಿ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಮೊದಲ್ನೇದು, ನಿಮ್ಮ ಆಪ್ ಯಾವ್ದೋ ಗೊತ್ತಿಲ್ಲ, ಆದ್ರೆ ಇಡೀ ಭೂಮಿಯ ಮಳೆ ತೋರ್ಸೋ ಆಪ್‌ಗಳಲ್ಲಿ ತುಂಬಾ ಬಳಸೋದು ಜಿಪಿಎಂ ಅನ್ನೋ ಯೋಜನೆಯ ಲೆಕ್ಕ. ನಾಸಾ ಮತ್ತು ಜಪಾನಿನ ಜಾಕ್ಸಾ ಸೇರಿ 2014ರ ಫೆಬ್ರವರಿಯಲ್ಲಿ ಅದರ ಮುಖ್ಯ ಉಪಗ್ರಹ ಹಾರಿಸಿದ್ರು. ಆ ಲೆಕ್ಕದ ಒಂದು ಚೌಕ ಅಂದ್ರೆ ಸುಮಾರು 11 ಕಿ.ಮೀ. ಉದ್ದ 11 ಕಿ.ಮೀ. ಅಗಲ. ನೀವು ಬೆರಳಲ್ಲಿ ಎಷ್ಟೇ ಎಳೆದ್ರೂ ಚಿತ್ರ ದೊಡ್ಡದಾಗುತ್ತೆ ಹೊರತು ಒಳಗಿನ ಸಂಖ್ಯೆ ಒಂದೇ. ನಿಮ್ಮ ಆರು ಎಕರೆ ಆ ಚೌಕದಲ್ಲಿ ಒಂದು ಸಾಸಿವೆ ಕಾಳು. 25 ಮಿ.ಮೀ. ಅಂದಿದ್ದು ಆ ಇಡೀ ಚೌಕದ ಸರಾಸರಿ ಅಂದಾಜು.

ಎರಡ್ನೇದು, ಇದೇ ಮುಖ್ಯ. ಮಳೆಹನಿಯನ್ನ ಚೆನ್ನಾಗಿ ಗುರ್ತಿಸೋ ಮೈಕ್ರೋವೇವ್ ಉಪಕರಣ ಇರೋ ಉಪಗ್ರಹಗಳು ನಮ್ಮ ತಲೆ ಮೇಲೆ ಯಾವಾಗ್ಲೂ ಇರಲ್ಲ, ಬಂದು ಹೋಗ್ತವೆ. ನಡುವಿನ ಹೊತ್ತನ್ನ ತುಂಬಿಸೋದಕ್ಕೆ ಮೋಡದ ನೆತ್ತಿ ಎಷ್ಟು ತಣ್ಣಗಿದೆ ಅಂತ ನೋಡಿ ಲೆಕ್ಕ ಹಾಕ್ತಾರೆ. ಮಾರ್ಚ್, ಏಪ್ರಿಲ್ ಗುಡುಗಿನ ಮೋಡ ಬಾರೀ ಎತ್ತರ ಹೋಗಿ ಮೇಲೆ ಛತ್ರಿ ತರ ಹರಡುತ್ತೆ, ನೆತ್ತಿಯೆಲ್ಲ ತಣ್ಣಗೆ, ಆದ್ರೆ ಮಳೆ ಬೀಳೋದು ಛತ್ರಿಯ ಕೋಲಿನ ಜಾಗದಲ್ಲಿ ಮಾತ್ರ. ಹಾಗಾಗಿ ಮಳೆ ಬೀಳದ ಕಡೆನೂ ಹಸಿರು ಬಣ್ಣ ಕಾಣ್ಬಹುದು. ಜುಲೈನಲ್ಲಿ ಇದೇ ಉಲ್ಟಾ. ಘಟ್ಟಕ್ಕೆ ತಾಗಿಕೊಂಡು ಬರೋ ಮೋಡ ಕುಳ್ಳು, ನೆತ್ತಿ ಅಷ್ಟೇನೂ ತಣ್ಣಗಿರಲ್ಲ, ಆದ್ರೆ ದಿನಗಟ್ಲೆ ಬಿಡದೆ ಸುರಿಯುತ್ತೆ. ಪಶ್ಚಿಮ ಘಟ್ಟದ ಮುಂಗಾರನ್ನ ಉಪಗ್ರಹಗಳು ಕಮ್ಮಿ ತೋರ್ಸ್ತವೆ ಅನ್ನೋದು ಈ ಕೆಲ್ಸ ಮಾಡೋರಿಗೆಲ್ಲ ಗೊತ್ತಿರೋ ವಿಷಯ.

ಇನ್ನೊಂದು, ಆಪ್‌ನ ದಿನ ಶುರುವಾಗೋದು ಗ್ರೀನಿಚ್ ಟೈಮಲ್ಲಿ, ನಮಗೆ ಅದು ಬೆಳಗ್ಗೆ 5.30. ನಿಮ್ಮಪ್ಪ ಗೇಜ್ ಓದೋದು 8.30ಕ್ಕೆ ಅಂದ್ಕೊಳ್ತೀನಿ, ಹವಾಮಾನ ಇಲಾಖೆಯ ರೂಢೀನೂ ಅದೇ. 12ನೇ ತಾರೀಕು ಸಂಜೆಯ ಮಳೆ ಆಪ್‌ನಲ್ಲಿ 12ಕ್ಕೆ, ಪುಸ್ತಕದಲ್ಲಿ 13ಕ್ಕೆ ಬರುತ್ತೆ. ಹೋಲ್ಸೋವಾಗ ಇದನ್ನ ಮರೀಬೇಡಿ. ಆವತ್ತೇ ರಾತ್ರಿ ಸಿಗೋದು ಅವಸರದ ಅಂದಾಜು, ನೆಲದ ಗೇಜ್‌ಗಳ ಜೊತೆ ತಾಳೆ ನೋಡಿ ಸರಿಮಾಡಿದ ಲೆಕ್ಕ ಬರೋಕೆ ಮೂರು ತಿಂಗಳ ಮೇಲಾಗುತ್ತೆ. ಅಂದ್ರೆ ಕೊನೆಗೆ ಅವ್ರೂ ಗೇಜ್‌ಗೇ ಬರ್ತಾರೆ.

ಮಣ್ಣಿನ ತೇವದ ಪದರ ನೋಡಿ ನೀರು ಬಿಡೋ ಯೋಚನೆ ಇದ್ರೆ ಅದೂ ಬೇಡ. ಸ್ಮ್ಯಾಪ್ ಉಪಗ್ರಹ ಅಳೆಯೋದು ಮೇಲಿನ 5 ಸೆಂ.ಮೀ. ಮಣ್ಣು, ಅದೂ ಹತ್ತಾರು ಕಿ.ಮೀ. ಚೌಕದಲ್ಲಿ, ಮರದ ನೆರಳು ದಟ್ಟ ಇದ್ರೆ ಅದಕ್ಕೆ ನೆಲ ಸರಿಯಾಗಿ ಸಿಗೋದೇ ಇಲ್ಲ. ನಮ್ಮ ತೋಟ ಅಂದ್ರೆ ಸಿಲ್ವರ್ ಮರ, ಹಲಸು, ಅತ್ತಿ ಎಲ್ಲ ಮುಚ್ಚಿರುತ್ತಲ್ಲ.

ಸಾಲಗಾಮೆ ರೋಡ್:
ನಾನು ಹಾಸನದಲ್ಲಿ ಹೈಸ್ಕೂಲ್ ಟೀಚರ್. ದಯವಿಟ್ಟು ಆ ಆಪ್ ತೆಗೆದುಹಾಕ್ಬೇಡಿ ಸರ್, ಅದರ ಉಪಯೋಗ ಬೇರೆ ಇದೆ. ಸಮುದ್ರ ಮಟ್ಟ 1993ರಿಂದ ಈಚೆಗೆ ಸುಮಾರು 10 ಸೆಂ.ಮೀ. ಏರಿದೆ ಅಂತ ಬಾಯಲ್ಲಿ ಹೇಳಿದ್ರೆ ಮಕ್ಕಳಿಗೆ ಏನೂ ಅನ್ಸಲ್ಲ, ಅದೇ ಇಂಥ ಆಪ್‌ನಲ್ಲಿ ಬಣ್ಣ ಬದಲಾಗೋದನ್ನ ತೋರ್ಸಿದ್ರೆ ಎದ್ದು ಹತ್ರ ಬರ್ತಾರೆ. ನಮ್ಮ ಸ್ಕೂಲ್ ಮಕ್ಕಳು ದಿನಾ ಸಾಲಗಾಮೆ ರಸ್ತೆಯ ಎಂಸಿಎಫ್ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ದೊಡ್ಡ ಡಿಶ್‌ಗಳನ್ನ ನೋಡ್ಕೊಂಡೇ ಬರ್ತಾರೆ, ಇನ್ಸಾಟ್ ಉಪಗ್ರಹಗಳನ್ನ ನಡ್ಸೋದು ಇಲ್ಲಿಂದ ಅಂತ ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ. 2024ರ ಫೆಬ್ರವರಿ 17ಕ್ಕೆ ಹವಾಮಾನ ಉಪಗ್ರಹ ಇನ್ಸಾಟ್-3ಡಿಎಸ್ ಹಾರಿದ್ದನ್ನ ಕ್ಲಾಸಲ್ಲೇ ಹೇಳಿದ್ದೆ. ಮೋಡ ಯಾವ ಕಡೆಯಿಂದ ಬರ್ತಿದೆ ಅಂತ ನೋಡೋಕೆ ಇನ್ಸಾಟ್ ಚಿತ್ರ ಸಾಕು, ಅರ್ಧ ಗಂಟೆಗೊಂದು ಬರುತ್ತೆ.

ಬಣಕಲ್ ಬೆಟ್ಟ:
ಮಳೆ ಲೆಕ್ಕದೋರು ಹೇಳಿದ್ದು ನೂರಕ್ಕೆ ನೂರು ಸರಿ. 2019ರ ಆಗಸ್ಟಲ್ಲಿ ಮೂಡಿಗೆರೆ ಕಡೆ ಗುಡ್ಡ ಕುಸೀತಲ್ಲ, ಆವಾಗ ಗೇಜ್ ತುಂಬಿ ಹರಿಯುತ್ತೆ ಅಂತ ರಾತ್ರಿ ಟಾರ್ಚ್ ಹಿಡ್ಕೊಂಡು ಹೋಗಿ ಒಂದ್ಸಲ ಖಾಲಿ ಮಾಡಿ ಬಂದಿದ್ದೆ, ಆಪ್‌ನಲ್ಲಿ ಸಾಧಾರಣ ಮಳೆ ಬಣ್ಣ ಇತ್ತು. ಹಾನುಬಾಳಿನೋರೇ, ತೋಟದ ಗೇಜ್ ಬಿಟ್ರೆ ಮುಂದಿನ ನಂಬಿಕೆ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಗೇಜ್‌ಗಳು, ಪಂಚಾಯ್ತಿ ಮಟ್ಟದಲ್ಲಿ ಇಟ್ಟಿದಾರೆ, ಅವರ ಸಹಾಯವಾಣಿ ವರುಣಮಿತ್ರಕ್ಕೆ ಫೋನ್ ಮಾಡಿ ಕೇಳ್ಬಹುದು. ಉಪಗ್ರಹ ಅದಾದ್ಮೇಲೆ.

ಹಾನುಬಾಳ್ ರೋಬಸ್ಟ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಛತ್ರಿ ಕೋಲಿನ ಮಾತು ಅಪ್ಪಂಗೆ ಓದಿ ಹೇಳಿದೆ, ಆವತ್ತು ಗುಡುಗು ಪೂರ್ತಿ ಹೆತ್ತೂರು ದಿಕ್ಕಲ್ಲೇ ಇತ್ತು ಕಣೋ, ನಮ್ಮಲ್ಲಿ ಬರೀ ಗಾಳಿ ಅಂದ್ರು. ಫೋನಲ್ಲಿ ನಾನು ಅದನ್ನೇ ಕೇಳಿರಲಿಲ್ಲ. ಪೈಪ್ ಎಳೆಯೋರಿಗೆ ಬ್ಯಾಕಿಂಗ್‌ಗೆ ಈಗ್ಲೇ ಹೇಳಿಟ್ಟಿದೀನಿ. ಮನೇಲಿ ಅಜ್ಜನ ಕಾಲದ ಮಳೆ ಪುಸ್ತಕ ಇದೆ, ನೀಲಿ ಇಂಕಲ್ಲಿ ದಿನಾ ಸೆಂಟು ಬರೆದಿದಾರೆ, ಮಳೆ ಇಲ್ಲದ ದಿನಕ್ಕೂ ಒಂದು ಅಡ್ಡಗೆರೆ, ಕೆಲವು ಹಾಳೆ ಒದ್ದೆಯಾಗಿ ಅಂಟ್ಕೊಂಡಿವೆ. ಅದನ್ನ ಎಕ್ಸೆಲ್‌ಗೆ ಹಾಕ್ಬೇಕು ಅಂತಿದೀನಿ. ಮಳೆ ಲೆಕ್ಕ ಸರ್, ಸೆಂಟಲ್ಲೇ ಇಡ್ಲಾ, ಮಿ.ಮೀ. ಮಾಡ್ಲಾ?

ಮಳೆ ಲೆಕ್ಕ:
ಎರಡೂ ಇಡಿ. ಒಂದು ಕಾಲಂ ಅಜ್ಜ ಬರೆದ ಹಾಗೇ ಸೆಂಟು, ಅದನ್ನ ಮುಟ್ಬೇಡಿ. ಪಕ್ಕದ ಕಾಲಮಲ್ಲಿ 0.254ರಿಂದ ಗುಣಿಸಿ ಮಿ.ಮೀ. ಅಡ್ಡಗೆರೆ ಇದ್ದ ದಿನ ಸೊನ್ನೆ ಹಾಕಿ, ಅಂಟ್ಕೊಂಡು ಓದೋಕಾಗದ ದಿನ ಖಾಲಿ ಬಿಡಿ, ಅಲ್ಲಿ ಮಾತ್ರ ಸೊನ್ನೆ ಹಾಕ್ಲೇಬೇಡಿ. ಹಾಳೆ ಬಿಡಿಸೋಕೆ ಎಳೀಬೇಡಿ, ನೆರಳಲ್ಲಿ ಒಣಗ್ಲಿ, ಮೊದ್ಲು ಫೋಟೋ ತೆಗೀರಿ. ಜೂನ್ ಒಳಗೆ ಮುಗಿಸಿದ್ರೆ ಈ ಮುಂಗಾರಲ್ಲಿ ನಿಮ್ಮ ಗೇಜ್, ಆಪ್ ಎರಡನ್ನೂ ಕೂತು ಹೋಲಿಸೋಣ, ನಾನೂ ಜೊತೆಗಿರ್ತೀನಿ.