ತುಮಕೂರಿನಲ್ಲಿ ಮನೆ ಖರೀದಿ: ಕಾಗದಪತ್ರ ನೋಡಲು ಎಂಥ ವಕೀಲರನ್ನು ಹಿಡಿಯಬೇಕು?

ಪ್ರಶ್ನೆ: ಎಸ್‌.ಎಸ್‌. ಪುರಂ ಬಾಡಿಗೆದಾರ

ಎಲ್ಲರಿಗೂ ನಮಸ್ಕಾರ. ಕ್ಯಾತ್ಸಂದ್ರದ ಕಡೆಯ ಬಡಾವಣೆಯೊಂದರಲ್ಲಿ ಕಟ್ಟಿದ ಮನೆಯನ್ನು ನಾನೂ ನನ್ನ ಪತ್ನಿಯೂ ನೋಡಿ ಒಪ್ಪಿದ್ದೇವೆ. ಮಾತು 58 ಲಕ್ಷ ರೂಪಾಯಿಗೆ ನಿಂತಿದೆ. ನಿವೇಶನ ಕೊಂಡು ಮನೆ ಕಟ್ಟಿದವರು ಮಾರಾಟಗಾರರ ತಂದೆ. ಅವರು ತೀರಿಕೊಂಡ ನಂತರ ಖಾತೆ ಹಿರಿಯ ಮಗನ ಹೆಸರಿಗೆ ಬದಲಾಗಿದ್ದು, ಈಗ ಮಾರುತ್ತಿರುವವರು ಅವರೇ. ಅವರಿಗೆ ತಾಯಿ, ಒಬ್ಬ ತಮ್ಮ, ಮದುವೆಯಾಗಿ ದೂರದ ಊರಿನಲ್ಲಿರುವ ಒಬ್ಬ ತಂಗಿ ಇದ್ದಾರೆ. ಬಡಾವಣೆಯಾಗುವ ಮುಂಚೆ ಅದು ಹೊಲವಾಗಿತ್ತು ಎಂಬುದನ್ನು ಬಿಟ್ಟರೆ ಜಮೀನಿನ ಹಿಂದಿನ ಕಥೆ ನಮಗೆ ತಿಳಿಯದು.

ಗೊಂದಲವಿರುವುದು ವಕೀಲರ ಆಯ್ಕೆಯಲ್ಲಿ. ಬ್ರೋಕರ್ ತಾವೇ ಒಬ್ಬ ವಕೀಲರ ಹೆಸರು ಹೇಳಿ, ಆ ಬಡಾವಣೆಯ ಹೆಚ್ಚಿನ ನೋಂದಣಿಗಳನ್ನು ಅವರೇ ಮಾಡಿಸಿದ್ದಾರೆ, ಬೇರೆ ಯಾರನ್ನೂ ಹುಡುಕಬೇಡಿ ಎನ್ನುತ್ತಾರೆ. ಸಾಲ ಕೊಡುವ ಬ್ಯಾಂಕಿನವರು ತಮ್ಮ ಪ್ಯಾನೆಲ್ ವಕೀಲರು (ದಾಖಲೆ ನೋಡಲು ಬ್ಯಾಂಕೇ ಗೊತ್ತುಮಾಡಿಕೊಂಡವರು) ಹೇಗಿದ್ದರೂ ದಾಖಲೆ ಪರಿಶೀಲಿಸುತ್ತಾರಲ್ಲ, ನಿಮಗೆ ಎರಡನೆಯ ಖರ್ಚು ಏಕೆ ಎಂದು ಕೇಳುತ್ತಾರೆ. ಬೆಂಗಳೂರಿನಲ್ಲಿರುವ ನನ್ನ ಭಾವ ಅಲ್ಲಿನ ವಕೀಲರಿಗೇ ಕೊಡು ಎಂದು ಪಟ್ಟು ಹಿಡಿದಿದ್ದಾರೆ. ಈ ಮೂವರಲ್ಲಿ ಯಾರ ಮಾತು ಕೇಳಬೇಕು, ಒಬ್ಬ ವಕೀಲರು ಈ ಕೆಲಸಕ್ಕೆ ತಕ್ಕವರು ಎಂದು ಕಾನೂನು ಓದದ ನಮ್ಮಂಥವರು ತಿಳಿಯುವುದು ಹೇಗೆ, ಶುಲ್ಕವನ್ನು ಹೇಗೆ ಮಾತಾಡಿಕೊಳ್ಳಬೇಕು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಬ್ಯಾಂಕ್ ಅಧಿಕಾರಿ, ಸಿದ್ಧಗಂಗಾ ಬಡಾವಣೆ

ಬ್ಯಾಂಕಿನವರು ಹೇಳಿದ ಮಾತಿನ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ನಾನೂ ಅದೇ ಮಾತನ್ನು ಗ್ರಾಹಕರಿಗೆ ಹೇಳಿಕೊಂಡು ಬಂದವನು. ಪ್ಯಾನೆಲ್ ವಕೀಲರ ಶುಲ್ಕವನ್ನು ನೀವು ಕೊಟ್ಟರೂ ಅವರು ಅಭಿಪ್ರಾಯ ಬರೆಯುವುದು ಬ್ಯಾಂಕಿಗೆ. ಈ ಮನೆಯನ್ನು ಅಡಮಾನವಾಗಿ ಇಟ್ಟುಕೊಂಡರೆ ಸಾಲ ವಸೂಲಿಗೆ ತೊಡಕಿಲ್ಲವೇ ಎಂಬುದೇ ಅವರ ಮುಂದಿರುವ ಪ್ರಶ್ನೆ. ಪಕ್ಕದ ಮನೆಯವರ ಜೊತೆಗಿನ ದಾರಿಯ ತಕರಾರು, ಒಪ್ಪಿಗೆಯಾದ ನಕ್ಷೆಗಿಂತ ಹೆಚ್ಚಾಗಿ ಕಟ್ಟಿದ ಭಾಗ, ಮಾರಾಟಗಾರರು ಬಾಯಿಮಾತಿನಲ್ಲಿ ಕೊಟ್ಟ ಭರವಸೆಗಳನ್ನು ಕ್ರಯಪತ್ರದಲ್ಲಿ ಸೇರಿಸುವುದು ಇವೆಲ್ಲ ನಿಮಗೆ ಮುಖ್ಯವಾದವು, ಆದರೆ ಬ್ಯಾಂಕಿನ ನಮೂನೆಯಲ್ಲಿ ಅವಕ್ಕೆ ಹೆಚ್ಚಿನ ಜಾಗವಿರುವುದಿಲ್ಲ. ಆ ವರದಿಯ ಪ್ರತಿಯನ್ನು ಗ್ರಾಹಕರಿಗೆ ಕೊಡದ ಶಾಖೆಗಳೂ ಇವೆ.

ಹಾಗೆಂದು ಪ್ಯಾನೆಲ್ ವಕೀಲರನ್ನು ಹಗುರವಾಗಿ ಕಾಣಬೇಡಿ. ಊರಿನಲ್ಲಿ ಹಳೆಯ ದಸ್ತಾವೇಜುಗಳನ್ನು ಸಾಲು ಬಿಡದೆ ಓದುವ ಅಭ್ಯಾಸ ಇರುವವರು ಬಹುಪಾಲು ಅವರೇ. ನಿಮಗೆ ಸಾಲ ಕೊಡದ ಬೇರೊಂದು ಬ್ಯಾಂಕಿನ ಪ್ಯಾನೆಲ್‌ನಲ್ಲಿರುವ ವಕೀಲರೊಬ್ಬರನ್ನು ನಿಮ್ಮ ಪರವಾಗಿ ನೇಮಿಸಿಕೊಳ್ಳಿ. ಅವರ ಅನುಭವ ನಿಮಗೆ ಸಿಗುತ್ತದೆ, ಎರಡು ಕಡೆಯ ಹಿತದ ಪ್ರಶ್ನೆ ಬರುವುದಿಲ್ಲ.

ಉತ್ತರ: ವಕೀಲೆ, ತುಮಕೂರು

ನಾನು ಇದೇ ಊರಿನಲ್ಲಿ ಸಿವಿಲ್ ಪ್ರಕರಣಗಳನ್ನು ನಡೆಸುವವಳಾದ್ದರಿಂದ ಯಾರ ಹೆಸರನ್ನೂ ಸೂಚಿಸುವುದಿಲ್ಲ. ಭಾರತೀಯ ವಕೀಲರ ಪರಿಷತ್ತಿನ 36ನೆಯ ನಿಯಮ ವಕೀಲರು ಜಾಹೀರಾತು ಕೊಡುವುದನ್ನು ಮಾತ್ರವಲ್ಲದೆ ದಲ್ಲಾಳಿಗಳ ಮೂಲಕ ಕೆಲಸ ಗಿಟ್ಟಿಸುವುದನ್ನೂ ನಿಷೇಧಿಸಿದೆ. ಬ್ರೋಕರ್ ಕಡೆಯಿಂದ ಬಂದ ಹೆಸರನ್ನು ನೀವು ಈ ನಿಯಮದ ಬೆಳಕಿನಲ್ಲಿಯೇ ನೋಡಬೇಕು. ವ್ಯವಹಾರ ಮುಗಿದರೆ ಮಾತ್ರ ಕಮಿಷನ್ ಸಿಗುವ ವ್ಯಕ್ತಿ ಕಳುಹಿಸಿದ ವಕೀಲರಿಗೆ "ಈ ಮನೆ ಬೇಡ" ಎಂದು ಹೇಳುವ ಸ್ವಾತಂತ್ರ್ಯ ಎಷ್ಟಿರುತ್ತದೆ? ಆ ಬಡಾವಣೆಯ ನೋಂದಣಿಗಳನ್ನೆಲ್ಲ ಅವರೇ ಮಾಡಿಸಿದ್ದಾರೆ ಎಂಬುದನ್ನು ಬ್ರೋಕರ್ ಅರ್ಹತೆಯಾಗಿ ಹೇಳುತ್ತಿದ್ದಾರೆ. ನನಗೆ ಅದೇ ತೊಡಕಾಗಿ ಕಾಣುತ್ತದೆ, ಏಕೆಂದರೆ ಮೂಲ ಹಕ್ಕಿನಲ್ಲಿ ದೋಷವಿದ್ದರೆ ಅದನ್ನು ಎತ್ತಿ ತೋರಿಸುವುದೆಂದರೆ ತಾವೇ ಹಿಂದೆ ಮಾಡಿಸಿದ ಪತ್ರಗಳ ಮೇಲೆ ಅನುಮಾನ ತಂದುಕೊಂಡಂತೆ.

ತಕ್ಕವರನ್ನು ಗುರುತಿಸುವ ಸುಲಭದ ದಾರಿ, ಮೊದಲ ಭೇಟಿಯಲ್ಲಿ ಅವರು ನಿಮ್ಮನ್ನು ಏನು ಕೇಳುತ್ತಾರೆ ಎಂಬುದನ್ನು ಗಮನಿಸುವುದು. ಜೆರಾಕ್ಸ್ ಪ್ರತಿಗಳನ್ನು ಮಗುಚಿ ಹಾಕಿ, ಇಸಿ (ಸ್ವತ್ತಿನ ಮೇಲಿನ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ) ಸರಿಯಾಗಿದೆ, ಇ-ಖಾತಾ (ಗಣಕೀಕೃತ ಖಾತೆ) ಇದೆ, ಅಡ್ವಾನ್ಸ್ ಕೊಡಿ ಎನ್ನುವವರಿಂದ ದೂರವಿರಿ. ಇ-ಖಾತಾ ಇಲ್ಲದೆ ಈಗ ನೋಂದಣಿ ನಡೆಯುವುದಿಲ್ಲವೆಂಬುದು ನಿಜ, ಆದರೆ ಖಾತೆ ತೆರಿಗೆಗಾಗಿ ಇಡುವ ದಾಖಲೆ. ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲ. ನಿಮ್ಮ ಪ್ರಕರಣದಲ್ಲಿ ಇದು ನೇರವಾಗಿ ಅನ್ವಯಿಸುತ್ತದೆ. ಅದು ಹಿಂದೂ ಕುಟುಂಬವಾಗಿದ್ದು, ಮನೆ ತಂದೆಯ ಸ್ವಯಾರ್ಜಿತವಾಗಿದ್ದು, ಅವರು ವಿಲ್ ಬರೆಯದೆ ತೀರಿಕೊಂಡಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 8ನೆಯ ಕಲಮಿನಂತೆ ಪತ್ನಿ, ಇಬ್ಬರು ಗಂಡುಮಕ್ಕಳು ಮತ್ತು ಮಗಳು ನಾಲ್ವರಿಗೂ ಸಮಪಾಲು. ತೀರಿಕೊಂಡವರ ತಾಯಿ ಆಗ ಬದುಕಿದ್ದರೆ ಅವರಿಗೂ ಒಂದು ಪಾಲು. ಖಾತೆ ಹಿರಿಯ ಮಗನ ಹೆಸರಿನಲ್ಲಿದೆ ಎಂಬ ಕಾರಣಕ್ಕೆ ಉಳಿದವರ ಹಕ್ಕು ಹೋಗುವುದಿಲ್ಲ. ಒಂದೋ ಎಲ್ಲರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಇರಬೇಕು. ಮದುವೆಯಾದ ಹೆಣ್ಣುಮಕ್ಕಳ ಹೆಸರನ್ನು ವಂಶವೃಕ್ಷದಿಂದ ಬಿಟ್ಟಿರುವ ಉದಾಹರಣೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದ್ದರಿಂದ ನಿಮ್ಮ ವಕೀಲರು ಆ ತಂಗಿಯ ಬಗ್ಗೆ ತಾವಾಗಿಯೇ ಕೇಳುತ್ತಾರೆಯೇ, ಅವರೊಂದಿಗೆ ನೇರವಾಗಿ ಮಾತನಾಡಬೇಕು ಎನ್ನುತ್ತಾರೆಯೇ ಎಂಬುದು ಒಳ್ಳೆಯ ಪರೀಕ್ಷೆ.

ಎರಡನೆಯದು ಜಮೀನಿನ ಮೂಲ. 30 ವರ್ಷದ ಇಸಿ ತೆಗೆಸುವ ರೂಢಿ ಎಲ್ಲರಿಗೂ ಗೊತ್ತು; ಸರ್ಕಾರ ತನ್ನ ಆಸ್ತಿಗಾಗಿ ದಾವೆ ಹೂಡಲು 1963ರ ಕಾಲಮಿತಿ ಕಾಯಿದೆ ಕೊಡುವ ಅವಧಿಯೂ 30 ವರ್ಷವೇ. ಆದರೆ ತುಮಕೂರಿನ ಅಂಚಿನ ಬಡಾವಣೆಗಳಲ್ಲಿ ಅಷ್ಟಕ್ಕೇ ನಿಲ್ಲಿಸುವ ವಕೀಲರು ಅರ್ಧ ಕೆಲಸ ಮಾಡಿದಂತೆ. ಆ ಹೊಲ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ, ಅಂಥ ಜಮೀನಿನ ಪರಭಾರೆಯನ್ನು ನಿಷೇಧಿಸುವ 1978ರ ಪಿಟಿಸಿಎಲ್ ಕಾಯಿದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಶೂನ್ಯ, ಮತ್ತು ಜಮೀನನ್ನು ಮೂಲ ಮಂಜೂರಾತಿದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿಸಲು ಅವಕಾಶವಿದೆ. ಇಂಥ ಅರ್ಜಿಗಳಿಗೆ ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಸೇರಿಸಿತು. ಅಂದರೆ ಸಾಗುವಳಿ ಚೀಟಿ (ಜಮೀನು ಮಂಜೂರಾದ ಪತ್ರ), ಹಳೆಯ ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆಯ ದಾಖಲೆ) ಇವನ್ನು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ತೆಗೆಸಿ, ಮೊದಲ ಮಾಲೀಕರಿಗೆ ಜಮೀನು ಹೇಗೆ ಬಂತು ಎಂದು ನೋಡಲೇಬೇಕು. ಜೊತೆಗೆ 1964ರ ಭೂಕಂದಾಯ ಕಾಯಿದೆಯ 95ನೆಯ ಕಲಮಿನ ಭೂಪರಿವರ್ತನೆ ಆದೇಶ (ಹೊಲವನ್ನು ಬೇರೆ ಬಳಕೆಗೆ ಬದಲಿಸಲು ಕೊಟ್ಟ ಅನುಮತಿ), ಬಿ ಖರಾಬು (ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಯ ಜಾಗ) ಎಷ್ಟಿದೆ ಎಂಬ ವಿವರ, ಟೂಡಾ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಒಪ್ಪಿದ ಬಡಾವಣೆ ನಕ್ಷೆ ಬೇಕು. ನಕ್ಷೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವೇ ನಿವೇಶನವಾಗಿ ಮಾರಾಟವಾಗಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಆ ನಕ್ಷೆಯಿಂದಲೇ.

ಇಸಿಯ ಮಿತಿಯನ್ನೂ ನಿಮಗೆ ವಿವರಿಸಬಲ್ಲವರಾಗಿರಬೇಕು. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ವಿಲ್, ನೋಂದಣಿಯಾಗದ ಕರಾರು, ನ್ಯಾಯಾಲಯದಲ್ಲಿರುವ ವಿಭಾಗದ ದಾವೆ ಅಲ್ಲಿ ಕಾಣಿಸುವುದಿಲ್ಲ. ದಾವೆ ನಡೆಯುತ್ತಿರುವಾಗ ಕೊಂಡವರು 1882ರ ಆಸ್ತಿ ವರ್ಗಾವಣೆ ಕಾಯಿದೆಯ 52ನೆಯ ಕಲಮಿನಂತೆ ಅದರ ತೀರ್ಪಿಗೆ ಬದ್ಧರಾಗುತ್ತಾರೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಕುಟುಂಬದ ಎಲ್ಲರ ಹೆಸರನ್ನೂ ಹಾಕಿ ಹುಡುಕುವುದು ವಕೀಲರ ಕೆಲಸದ ಭಾಗ. ನೀವೂ ಮನೆಯಲ್ಲೇ ಕುಳಿತು ನೋಡಬಹುದು. ಇನ್ನೊಂದು ಸೂಕ್ಷ್ಮ: ಒಂದೇ ಸ್ವತ್ತು ಮೊದಲು ಸರ್ವೆ ನಂಬರಿನಲ್ಲಿ, ಆಮೇಲೆ ನಿವೇಶನದ ಸಂಖ್ಯೆಯಲ್ಲಿ, ಈಗ ಪಾಲಿಕೆಯ ಸ್ವತ್ತಿನ ಸಂಖ್ಯೆಯಲ್ಲಿ ದಾಖಲಾಗಿರುತ್ತದೆ. ಒಂದರಲ್ಲಿ ಮಾತ್ರ ಹುಡುಕಿ ತೆಗೆಸಿದ "ಶೂನ್ಯ" ಇಸಿ ಬೇರೆ ಸಂಖ್ಯೆಯಲ್ಲಿರುವ ಅಡಮಾನವನ್ನು ತೋರಿಸದೇ ಇರಬಹುದು.

ಉತ್ತರ: ಪ್ಯಾಸೆಂಜರ್ ರೈಲು

ವಕೀಲೆಯವರ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಇದಕ್ಕೆಲ್ಲ ತುಮಕೂರಿನ ವಕೀಲರೇ ಆಗಬೇಕು ಎಂದು ಯಾರಾದರೂ ಹೇಳಿದರೆ ಒಪ್ಪಲಾರೆ; ನಿಮ್ಮ ಭಾವನ ಮಾತಿನಲ್ಲಿ ಹುರುಳಿದೆ. ತುಮಕೂರು ಎಷ್ಟೇ ಬೆಳೆದರೂ ಪರಿಚಯದ ಬಲೆ ಬಿಗಿಯಾಗಿರುವ ಊರು. ನಮ್ಮ ಖರೀದಿಯಲ್ಲಿ ನಾವು ನೇಮಿಸಿದ ವಕೀಲರೇ ಮಾರಾಟಗಾರರ ದಾಯಾದಿಗಳ ಕೇಸನ್ನು ಹಿಂದೆ ನಡೆಸಿದ್ದರೆಂಬುದು ಕರಾರು ಮುಗಿದ ಮೇಲೆ ತಿಳಿಯಿತು. ಇಸಿ ಮತ್ತು ದೃಢೀಕೃತ ನಕಲು ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಸಿಗುತ್ತವೆ, ಪಹಣಿ ಭೂಮಿ ಜಾಲತಾಣದಲ್ಲಿದೆ, 2024ರಿಂದ ಜಿಲ್ಲೆಯ ಯಾವ ಉಪನೋಂದಣಿ ಕಚೇರಿಯಲ್ಲಾದರೂ ಪತ್ರ ನೋಂದಾಯಿಸಬಹುದು. ಹೀಗಿರುವಾಗ ಯಾರ ಮುಲಾಜೂ ಇಲ್ಲದ ಬೆಂಗಳೂರಿನ ವಕೀಲರು ಏಕೆ ಬೇಡ?

ಉತ್ತರ: ವಕೀಲೆ, ತುಮಕೂರು

ಮುಲಾಜಿನ ಮಾತು ಸರಿಯಾಗಿದೆ. ಅದಕ್ಕೆ ಮೊದಲ ದಿನವೇ ಮಾರಾಟಗಾರರು, ಅವರ ಕುಟುಂಬ, ಬಡಾವಣೆ ಮಾಡಿದವರು ಇವರಲ್ಲಿ ಯಾರ ಪರವಾಗಿಯಾದರೂ ಕೆಲಸ ಮಾಡಿದ್ದೀರಾ ಎಂದು ನೇರವಾಗಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಒಂದು ಪಕ್ಷಕ್ಕೆ ಸಲಹೆ ಕೊಟ್ಟವರು ಅದೇ ವ್ಯವಹಾರದಲ್ಲಿ ಎದುರು ಪಕ್ಷಕ್ಕೆ ಕೆಲಸ ಮಾಡುವಂತಿಲ್ಲ ಎಂಬುದು ನಮ್ಮ ನಿಯಮಗಳಲ್ಲೂ ಇದೆ. ಅದನ್ನು ಕೇಳಿದರೆ ಮುನಿಸಿಕೊಳ್ಳುವ ವಕೀಲರನ್ನು ಬಿಟ್ಟುಬಿಡಿ.

ಆದರೆ ಆನ್‌ಲೈನಿನಲ್ಲಿ ಇಸಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು. ಅದಕ್ಕೂ ಹಿಂದಿನದನ್ನು ಕಚೇರಿಗೆ ಅರ್ಜಿ ಹಾಕಿ ತೆಗೆಸಬೇಕು; ಮಂಜೂರಾತಿ ಕಡತ, ಕೈಬರಹದ ಮ್ಯುಟೇಷನ್ ಪುಸ್ತಕಗಳಿಗಾಗಿ ತಾಲ್ಲೂಕು ಕಚೇರಿಗೆ ಅಲೆಯಬೇಕು. ಬೆಂಗಳೂರಿನವರು ಈ ಓಡಾಟವನ್ನು ಇಲ್ಲಿನ ಯಾರಿಗೋ ಒಪ್ಪಿಸಿ, ಬಂದ ಕಾಗದವನ್ನಷ್ಟೇ ಓದಿ ಅಭಿಪ್ರಾಯ ಕೊಟ್ಟರೆ ಸಿಗದ ಕಾಗದದ ಬಗ್ಗೆ ಅವರಿಗೆ ಪ್ರಶ್ನೆಯೇ ಏಳುವುದಿಲ್ಲ. ಯಾವ ಹಳ್ಳಿಯ ಯಾವ ಸರ್ವೆ ನಂಬರುಗಳು ಮಂಜೂರಾತಿ ಜಮೀನು, ಯಾವುದರಲ್ಲಿ ಕೆರೆ ಅಂಗಳ ಸೇರಿದೆ ಎಂಬುದು ಇಲ್ಲಿ ವರ್ಷಗಟ್ಟಲೆ ದಾವೆ ನಡೆಸಿದವರಿಗೆ ಹೆಸರು ಹೇಳಿದ ಕೂಡಲೇ ಹೊಳೆಯುತ್ತದೆ. ತಾವೇ ಇಲ್ಲಿಗೆ ಬಂದು ದಾಖಲೆ ತೆಗೆಸಲು ಸಿದ್ಧರಿರುವ ಬೆಂಗಳೂರಿನ ವಕೀಲರು ಸಿಕ್ಕರೆ ನನ್ನ ಆಕ್ಷೇಪವಿಲ್ಲ.

ಉತ್ತರ: ಗುಬ್ಬಿ ಗೇಟ್

ಶುಲ್ಕದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಕಾನೂನು ಅಭಿಪ್ರಾಯ, ಮಾರಾಟ ಕರಾರು, ಕ್ರಯಪತ್ರದ ಕರಡು, ನೋಂದಣಿ ದಿನದ ಹಾಜರಿ ಈ ನಾಲ್ಕಕ್ಕೂ ಬೇರೆಬೇರೆಯಾಗಿ ಮೊತ್ತ ಹೇಳಿಸಿಕೊಳ್ಳಿ, ರಸೀದಿ ಕೇಳಿ. "ಎಲ್ಲ ಸೇರಿ ಇಷ್ಟು" ಎಂದಾಗ ಅದರಲ್ಲಿ ಕಚೇರಿಯ ಮೇಲುಖರ್ಚು ಎಂಬ ಹೆಸರಿಲ್ಲದ ಬಾಬ್ತು ಸೇರಿಕೊಂಡಿರುತ್ತದೆ. ಅಭಿಪ್ರಾಯದ ಶುಲ್ಕ ನೀವು ಮನೆ ಕೊಂಡರೂ ಬಿಟ್ಟರೂ ಒಂದೇ ಆಗಿರಬೇಕು. ಖರೀದಿಯಾದರೆ ಮಾತ್ರ ಕೊಡಿ ಎನ್ನುವುದು ಔದಾರ್ಯದಂತೆ ಕೇಳಿಸಿದರೂ ಅವರನ್ನು ಬ್ರೋಕರ್ ಸ್ಥಾನದಲ್ಲಿ ನಿಲ್ಲಿಸುತ್ತದೆ. ಮನೆಯ ಮೌಲ್ಯ 58 ಲಕ್ಷವಾದರೆ 5% ಮುದ್ರಾಂಕ ಶುಲ್ಕವೇ 2.9 ಲಕ್ಷ, 2025ರ ಆಗಸ್ಟ್ ಕೊನೆಯಿಂದ 2% ಆಗಿರುವ ನೋಂದಣಿ ಶುಲ್ಕ 1.16 ಲಕ್ಷ, ಸೆಸ್ ಮತ್ತು ಸರ್ಚಾರ್ಜ್ ಬೇರೆ. ಇಷ್ಟನ್ನು ಕಟ್ಟುವವರು ವಕೀಲರ ಹತ್ತಿರ ಚೌಕಾಸಿಗೆ ಕೂರುವುದು ನನಗೆ ಅರ್ಥವಾಗುವುದಿಲ್ಲ. ಬೆಲೆ 50 ಲಕ್ಷ ದಾಟಿರುವುದರಿಂದ ಮಾರಾಟಗಾರರಿಗೆ ಕೊಡುವ ಹಣದಲ್ಲಿ 1% ಟಿಡಿಎಸ್ (ಮೂಲದಲ್ಲೇ ಆದಾಯ ತೆರಿಗೆ) ಕಡಿತ ಮಾಡಿ ಕಟ್ಟುವ ಹೊಣೆ ನಿಮ್ಮದು. ಅದನ್ನು ನೆನಪಿಸದ ವಕೀಲರೂ ಇದ್ದಾರೆ.

ಪತ್ರ ಬರಹಗಾರರನ್ನು ವಕೀಲರೆಂದು ತಿಳಿಯಬೇಡಿ. ಅವರು ಪತ್ರವನ್ನು ಅಚ್ಚುಕಟ್ಟಾಗಿ ಬರೆದು ಕೊಡುತ್ತಾರೆ, ಹಕ್ಕಿನ ಬಗ್ಗೆ ಅಭಿಪ್ರಾಯ ಕೊಡುವುದು ಅವರ ಕೆಲಸವಲ್ಲ.

ಕೊನೆಯದಾಗಿ, ಬರಹದ ಅಭಿಪ್ರಾಯ ಕೈಗೆ ಬರುವ ಮೊದಲು ಅಡ್ವಾನ್ಸ್ ಕೊಡಬೇಡಿ. ಮಾರಾಟಗಾರರು ಬೇರೆ ಗಿರಾಕಿ ಇದ್ದಾರೆ ಎಂದು ಅವಸರಪಡಿಸಿದರೆ ಸಣ್ಣ ಮೊತ್ತವನ್ನು ಚೆಕ್ಕಿನಲ್ಲಿಯೇ ಕೊಟ್ಟು, ಹಕ್ಕಿನಲ್ಲಿ ದೋಷ ಕಂಡುಬಂದರೆ ಅಥವಾ ತಾಯಿ, ತಮ್ಮ, ತಂಗಿ ಇವರಲ್ಲಿ ಯಾರಾದರೂ ಸಹಿಗೆ ಒಪ್ಪದಿದ್ದರೆ ಪೂರ್ತಿ ಹಣವನ್ನು ಇಂಥ ತಾರೀಖಿನೊಳಗೆ ಹಿಂದಿರುಗಿಸಬೇಕೆಂಬ ಷರತ್ತನ್ನು ನಿಮ್ಮ ವಕೀಲರಿಂದಲೇ ಬರೆಸಿ, ನಾಲ್ವರ ಸಹಿಯನ್ನೂ ಆ ಕರಾರಿಗೇ ಹಾಕಿಸಿಕೊಳ್ಳಿ.